ಹಳೇ ಲೇತ್: ಚಕ್ಕಿನ ಮುಂದಿನ ಒಂದಡಿ ನೋಡಿ

ಲೋಹದ ಸರಳನ್ನು ತಿರುಗಿಸಿ ಕತ್ತರಿಸುವ ಲೇತ್ ಯಂತ್ರವನ್ನು ಹಳೆಯದೇ ಕೊಳ್ಳಲು ಹೊರಟಿದ್ದೀರಾ? ಬೆಂಗಳೂರಿನ ಪೀಣ್ಯದ ಗೋದಾಮುಗಳಲ್ಲಿ ಸಾಲಾಗಿ ನಿಂತ ಹಳೇ ಲೇತ್‌ಗಳಿಗೆಲ್ಲ ಒಂದೇ ಹಸಿರು ಬಣ್ಣ ಬಳಿದಿರುತ್ತಾರೆ. ಆ ಬಣ್ಣಕ್ಕೆ ಬೆಲೆ ಕೊಡಬೇಡಿ. ಬೇರಿಂಗ್, ಬೆಲ್ಟ್, ಮೋಟರ್, ಕ್ರಾಸ್ ಸ್ಲೈಡಿನ (ಉಳಿಯನ್ನು ಸರಳಿನತ್ತ ಒತ್ತುವ, ಹಿಂದೆಳೆಯುವ ಭಾಗ) ನಟ್ ಎಲ್ಲ ಬದಲಾಯಿಸಬಹುದು. ಆದರೆ ಮೆಷಿನ್ನಿನ ಉದ್ದಕ್ಕೂ ಹಾಸಿದ ಎರಕದ ಹಳಿ, ಅಂದರೆ ಬೆಡ್, ಸವೆದಿದ್ದರೆ ಅದನ್ನು ಮತ್ತೆ ಗ್ರೈಂಡ್ ಮಾಡಿಸಿ, ಅದರ ಮೇಲೆ ಓಡುವ ಸ್ಯಾಡಲ್ ಕೂರಿಸಿ, ಥ್ರೆಡ್ ಕತ್ತರಿಸುವಾಗ ಸ್ಯಾಡಲ್ಲನ್ನು ನಡೆಸುವ ಲೀಡ್ ಸ್ಕ್ರೂ ಎತ್ತರ ಹೊಂದಿಸುವಷ್ಟರಲ್ಲಿ ಮೆಷಿನ್ ಅಗ್ಗಕ್ಕೆ ಸಿಕ್ಕಿತೆಂಬ ಖುಷಿ ಕರಗಿರುತ್ತದೆ.

ಬೆಡ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಹೆಚ್ಚಿನ ಕೆಲಸ ನಡೆಯುವುದು ಸರಳನ್ನು ಕಚ್ಚಿ ಹಿಡಿಯುವ ಚಕ್ಕಿನ ಮುಂದಿನ 300-400 ಮಿ.ಮೀ.ನಲ್ಲಿ, ಸವೆತವೂ ಅಲ್ಲೇ. ಸ್ಯಾಡಲ್ಲನ್ನು ಚಕ್ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಚೂರು ಬಿಗಿಯೆನ್ನಿಸುವಷ್ಟು ತಿರುಗಿಸಿ, ಕೈಚಕ್ರದಿಂದ ಎದುರು ತುದಿಯ ಟೇಲ್‌ಸ್ಟಾಕ್ ಕಡೆಗೆ ನಡೆಸಿ. ಅರ್ಧ ದಾರಿಯಲ್ಲಿ ಹಿಡಿದುಕೊಂಡರೆ ಆ ತುದಿ ಸವೆದಿಲ್ಲ, ಚಕ್ ಕಡೆ ಸವೆದಿದೆ ಎಂದರ್ಥ. ಬೆರಳುಗುರನ್ನು ಬೆಡ್ಡಿಗೆ ಅಡ್ಡಲಾಗಿ ಎಳೆದಾಗ ಮೆಟ್ಟಿಲಿನಂಥ ಅಂಚು ಸಿಕ್ಕರೂ ಅದೇ ಮಾತು.

ನಂತರ ಚಕ್ಕನ್ನು ತಿರುಗಿಸುವ ಸ್ಪಿಂಡಲ್. ಮೆಷಿನ್ ನಿಲ್ಲಿಸಿ, ಚಕ್ಕಿನಲ್ಲಿ ಎರಡಡಿ ಉದ್ದದ ದಪ್ಪ ಸರಳು ಕಚ್ಚಿಸಿ, 0.01 ಮಿ.ಮೀ. ಚಲನೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಚಕ್ಕಿನ ಮೇಲಲ್ಲ, ಸ್ಪಿಂಡಲ್ ಮೂತಿಯ ಮೇಲೆ ಇಟ್ಟು ಸರಳನ್ನು ಮೇಲೆತ್ತಿ. ಮುಳ್ಳು 0.05 ದಾಟಿದರೆ ಬೇರಿಂಗ್ ಸಡಿಲವಾಗಿದೆ. ಬಿಗಿ ಮಾಡಿದರೆ ಸರಿಹೋದೀತು. ಗೊರಗೊರ ಸದ್ದಿದ್ದರೆ ಬದಲಾಯಿಸಲೇಬೇಕು. ಎಲ್ಲ ಸ್ಪೀಡಿನಲ್ಲೂ, ವೇಗ ತಗ್ಗಿಸುವ ಬ್ಯಾಕ್ ಗೇರಿನಲ್ಲೂ ಓಡಿಸಿ. ಒಂದೇ ಸ್ಪೀಡಿನಲ್ಲಿ ಟಕ್ ಟಕ್ ಅಂದರೆ ಗೇರಿನ ಹಲ್ಲು ಹೋಗಿರುವ ಸಂಭವ ಹೆಚ್ಚು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋದದ್ದರಿಂದ ಅಲ್ಲಿನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳಿಗೆ ಗೇರ್ ಬೇಕಾದರೆ ಹಳೇ ಮೆಷಿನ್‌ನಿಂದ ಬಿಚ್ಚಿದ್ದು ಹುಡುಕಬೇಕು, ಇಲ್ಲವೇ ಕತ್ತರಿಸಿ ಮಾಡಿಸಬೇಕು.

ಕೊನೆಗೆ ಕತ್ತರಿಸಿಯೇ ನೋಡಿ. ಮಾರುವವರು ಕರೆಂಟಿಲ್ಲ ಅಂದರೆ ಇನ್ನೊಂದು ದಿನ ಹೋಗಿ. 50 ಮಿ.ಮೀ. ಸರಳನ್ನು ಟೇಲ್‌ಸ್ಟಾಕ್ ಸೆಂಟರಿನ ಆಸರೆಯಿಲ್ಲದೆ 200 ಮಿ.ಮೀ. ಹೊರಗಿಟ್ಟು, ನಡುಭಾಗ ತಗ್ಗಿಸಿ, ಎರಡು ತುದಿಯಲ್ಲಿ 20 ಮಿ.ಮೀ. ಅಗಲದ ಪಟ್ಟಿ ಬಿಡಿ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡೂ ಪಟ್ಟಿಯ ಮೇಲೆ 0.1 ಮಿ.ಮೀ. ಕಟ್ ಹಾಯಿಸಿ ಮೈಕ್ರೋಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ 0.02 ಒಳಗಿದ್ದರೆ ಸಣ್ಣ ವರ್ಕ್‌ಶಾಪಿಗೆ ಚೆನ್ನಾಯಿತು. ಹೆಚ್ಚಿದ್ದರೂ ತಕ್ಷಣ ಎದ್ದು ಬರಬೇಡಿ: ಗೋದಾಮಿನ ಏರುಪೇರು ನೆಲದಲ್ಲಿ ಬೆಡ್ ತಿರುಚಿಕೊಂಡೇ ನಿಂತಿರುತ್ತದೆ. ತಿರುಚು ಲೆವೆಲ್ ಮಾಡಿದರೆ ಹೋಗುತ್ತದೆ, ಸವೆತ ಹೋಗುವುದಿಲ್ಲ. ಹಾಗಾಗಿ ಈ ಅಳತೆಯನ್ನು ಸ್ಯಾಡಲ್ ಪರೀಕ್ಷೆಯ ಜೊತೆಗಿಟ್ಟೇ ತೂಗಿ.

ಲೀಡ್ ಸ್ಕ್ರೂ ಇಂಚಿನದೋ ಮಿ.ಮೀ.ನದೋ ಕೇಳಿ. ಇಂಚಿನದಾದರೆ ಮಿ.ಮೀ. ಥ್ರೆಡ್ಡನ್ನು ನಿಖರವಾಗಿ ಕತ್ತರಿಸಲು 127 ಹಲ್ಲಿನ ಗೇರ್ ಬೇಕು (25.4ರ ಐದು ಪಟ್ಟು 127). ಮೂಲೆಯ ಡಬ್ಬದಲ್ಲಿರಬೇಕಾದ ಈ ಗೇರೇ ಹೆಚ್ಚಾಗಿ ಕಾಣೆಯಾಗಿರುತ್ತದೆ.

ಎರಕದಲ್ಲಿ ಬಿರುಕಿನ ಅನುಮಾನವಿದ್ದರೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಕಡ್ಡಿಯ ಪುಡಿ ಹಚ್ಚಿ. ಸ್ವಲ್ಪ ಹೊತ್ತಿಗೆ ಬಿರುಕಿನ ಗೆರೆ ಒದ್ದೆಯಾಗಿ ಎದ್ದು ಕಾಣುತ್ತದೆ. ಹೊಸ ಬಣ್ಣದ ಮೇಲೆ ಇದು ನಡೆಯದು, ಕೆರೆದು ನೋಡಬೇಕು.

ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೆ ಮೋಟರಿನ ಪ್ಲೇಟ್ ಓದಿ. 415 ವೋಲ್ಟ್ ಸ್ಟಾರ್ (ಮೋಟರಿನ ಸುರುಳಿ ಜೋಡಿಸುವ ಒಂದು ಬಗೆ, ಇನ್ನೊಂದು ಡೆಲ್ಟಾ) ಅಂತಿದ್ದು ಆರೂ ವೈರಿನ ತುದಿ ಹೊರಬಂದಿದ್ದರೆ, ಡೆಲ್ಟಾಗೆ ಬದಲಿಸಿ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ 230 ವೋಲ್ಟಿನ ವಿಎಫ್‌ಡಿಯಲ್ಲಿ ಓಡಿಸಬಹುದು. 415 ಡೆಲ್ಟಾ ಮೋಟರಿಗೆ ಈ ದಾರಿಯಿಲ್ಲ.

ಸಾಗಿಸುವಾಗ ಎತ್ತುವ ಪಟ್ಟಿ (ಸ್ಲಿಂಗ್) ಬೆಡ್ಡಿನ ಕೆಳಗೆ ಹಾಯಲಿ, ಲೀಡ್ ಸ್ಕ್ರೂಗಾಗಲಿ ಫೀಡ್ ರಾಡಿಗಾಗಲಿ ತಾಗಕೂಡದು. ಭಾರ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಕಡೆಗೇ ಇರುವುದರಿಂದ ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಅದರ ಎದುರು ತುದಿಗೆ ಒಯ್ದು ಲಾಕ್ ಮಾಡಿ. ಕೂರಿಸಿದ ಮೇಲೆ 0.02 ಮಿ.ಮೀ./ಮೀಟರಿನ ಲೆವೆಲ್ ಇಟ್ಟು ಹೊಂದಿಸಿ, ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ. ಹೊಸ ಕಾಂಕ್ರೀಟ್ ಅಷ್ಟರಲ್ಲಿ ಕೊಂಚ ಕುಸಿದಿರಬಹುದು.