ಹಡಗಿನ ಕೊಳದಲ್ಲಿ ಮಗ, ದಡದಲ್ಲಿ ನಾವು ನಾಲ್ವರು

ಮುಂಬೈನಿಂದ ಕ್ರೂಸ್‌ಗೆ ಹೋಗಿ ಬಂದೆವು. ಮೂರು ರಾತ್ರಿ. ನಾನು, ನಮ್ಮನೆಯವರು, ಅಣ್ಣ, ಅತ್ತಿಗೆ, ನಮ್ಮ ನಾಲ್ಕು ವರ್ಷದ ಮಗ, ಅಣ್ಣನ ಒಂಬತ್ತು ವರ್ಷದ ಮಗಳು. ಈಗ ಶಿರಸಿ ಪೇಟೆಯಲ್ಲಿ ಯಾರು ಸಿಕ್ಕರೂ "ಹಡಗು ಹೆಂಗಿತ್ತು, ನಾವೂ ಹೋಗಬೇಕು" ಅಂತಾರೆ. ಊಟ, ಡಾನ್ಸು, ರೂಮಿನ ಚಂದ ಎಲ್ಲ ಟಿಕೆಟ್ ಮಾರುವವರೇ ಹೇಳುತ್ತಾರೆ. ನಾನು ಬರೆಯುತ್ತಿರುವುದು ಈಜುಕೊಳದ ಬಗ್ಗೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರು ಓದಿ, ಉಳಿದವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ಮೊದಲು ದಾರಿಯ ಕಥೆ ಮುಗಿಸಿಬಿಡುತ್ತೇನೆ. ಶಿರಸಿಯಿಂದ ಕುಮಟಾ 60 ಕಿಲೋಮೀಟರ್ ಆಸುಪಾಸು. ದೇವಿಮನೆ ಘಟ್ಟ ಇಳಿಯಬೇಕು. ನಮಗೆ ಸಿಕ್ಕಿದ್ದು ಬಸ್ಸಿನ ಕೊನೆಯ ಸೀಟು. ಒಂದೊಂದು ತಿರುವಿಗೂ ಎದ್ದು ಬೀಳುವುದು. ಮಗ ಎರಡು ಸಲ ವಾಂತಿ ಮಾಡಿದ, ಒಂದು ಸಲ ನನ್ನ ಹೊಸ ಚೂಡಿದಾರದ ಮೇಲೆ. ಕಿಟಕಿಯ ಗಾಜು ಸರಿಯುತ್ತಿರಲಿಲ್ಲ. ಕಂಡಕ್ಟರ್ ಹತ್ತಿರ ಹೇಳಿದರೆ "ಅದು ಮಳೆಗಾಲದಿಂದಲೂ ಹಂಗೇ" ಅಂದರು. ಮಕ್ಕಳಿದ್ದರೆ ಹೊಟ್ಟೆ ತುಂಬಾ ಉಣಿಸಿ ಹತ್ತಬೇಡಿ. ಮುಂದಿನ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೇ ಕಾಯಿರಿ. ಕುಮಟಾದಲ್ಲಿ ಸಂಜೆ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಾಗ ಮುಂಬೈ. ರೈಲಿನ ಬಗ್ಗೆ ದೂರಿಲ್ಲ.

ದೂರು ಇರುವುದು ಮುಂಬೈಯ ರೂಮಿನ ಮೇಲೆ. ಹಡಗು ಹತ್ತುವುದು ಮಧ್ಯಾಹ್ನ, ನಾವು ತಲುಪಿದ್ದು ಬೆಳ್ಳಂಬೆಳಿಗ್ಗೆ. ಸ್ನಾನ ಮಾಡಿ ಸ್ವಲ್ಪ ಕಾಲು ಚಾಚೋಣ ಅಂತ ನಾಲ್ಕು ತಾಸಿಗೆ ಒಂದು ರೂಮು ಹಿಡಿದರೆ 3,800 ರೂಪಾಯಿ. ಕಿಟಕಿ ಇಲ್ಲ. ಬಕೆಟ್ಟು ಒಂದೇ. ಮೇಲಿಂದ ನಾಲ್ಕು ವರ್ಷದ ಹುಡುಗನಿಗೂ 'ಎಕ್ಸ್‌ಟ್ರಾ ಪರ್ಸನ್' ಅಂತ 400. ಆ ದುಡ್ಡಿಗೆ ನಮ್ಮ ಕಡೆ ಎರಡು ದಿನ ಹೋಮ್‌ಸ್ಟೇಯಲ್ಲಿ ಊಟ ಸಮೇತ ಇರಬಹುದಿತ್ತು.

ಇನ್ನು ಹಡಗು. ಮೊದಲ ದಿನ ಊಟ ಆದ ಕೂಡಲೇ ಎಲ್ಲರೂ ಮೇಲಿನ ಡೆಕ್ಕಿಗೆ ನುಗ್ಗಿದರು. ನನಗೆ ಜನಜಂಗುಳಿ ಆಗುವುದಿಲ್ಲ, ಮಾರಿಕಾಂಬಾ ಜಾತ್ರೆಗೂ ಬೆಳಿಗ್ಗೆ ಬೇಗ ಹೋಗಿ ಬರುವವಳು ನಾನು. ಆದರೆ ಮಕ್ಕಳು ಕೇಳಬೇಕಲ್ಲ. ಕೊಳ ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣದು, ಒಳಗೆ ಜನ ಕಿಕ್ಕಿರಿದಿದ್ದರು. ಊರಿನ ರೆಸಾರ್ಟ್‌ಗಳಲ್ಲಿ ಇರುವ ಹಾಗೆ ಒಂದು ಕಡೆ ಕಡಿಮೆ ಆಳ, ಇನ್ನೊಂದು ಕಡೆ ಜಾಸ್ತಿ ಅಂತ ಇರಲಿಲ್ಲ. ಮೂಲೆಯಲ್ಲಿ ಮೂರು ಮೆಟ್ಟಿಲು, ಅದು ಮುಗಿದರೆ ಸೀದಾ ಒಂದೂವರೆ ಮೀಟರ್. ಮೇಲಿಂದ ಹಡಗು ಸ್ವಲ್ಪ ವಾಲಿದರೂ ನೀರು ಆ ಕಡೆಯಿಂದ ಈ ಕಡೆ ತುಳುಕುತ್ತದೆ. ದೊಡ್ಡವರಿಗೆ ಅದೊಂದು ಮಜಾ. ಮೆಟ್ಟಿಲ ಮೇಲೆ ನಿಂತ ಮಗುವಿಗೆ ಕಾಲು ನಿಲ್ಲುವುದಿಲ್ಲ.

ನಾವು ನಾಲ್ವರೂ ದಡದ ಕುರ್ಚಿಯಲ್ಲೇ ಇದ್ದೆವು. ನಮ್ಮನೆಯವರು ಅಣ್ಣನಿಗೆ ಫೋಟೋ ತೋರಿಸುತ್ತಿದ್ದರು. ಅತ್ತಿಗೆ ಬ್ಯಾಗಿನಲ್ಲಿ ಸನ್‌ಸ್ಕ್ರೀನ್ ಹುಡುಕುತ್ತಿದ್ದರು. ನಾನು ಆ ರೂಮಿನವನನ್ನು ಬೈಯುತ್ತಿದ್ದೆ, ಸುಳ್ಳೇಕೆ ಹೇಳಲಿ. ನೀರಿನಿಂದ ಅಣ್ಣನ ಮಗಳು ಕೂಗಿದಳು: "ಅತ್ತೇ, ತಮ್ಮ ಎಂತಕ್ಕೆ ಹಂಗೆ ಮೇಲೆ ನೋಡ್ತಾ ಇದ್ದ?"

ತಿರುಗಿ ನೋಡಿದೆ. ಮಗ ಮೆಟ್ಟಿಲಿನಿಂದ ಮೂರಡಿ ಆಚೆ ಇದ್ದ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿ ತೆರೆದಿತ್ತು, ಕೂದಲು ಕಣ್ಣಿಗೆ ಅಂಟಿತ್ತು. ಕೈ ಎರಡೂ ಪಕ್ಕದಲ್ಲಿ, ಏಣಿ ಹತ್ತುವವರ ಹಾಗೆ ನೀರನ್ನು ಕೆಳಗೆ ಒತ್ತುತ್ತಿದ್ದ. ಕೂಗಿಲ್ಲ, ಕೈ ಬೀಸಿಲ್ಲ, ನೀರು ಚಿಮ್ಮಿಲ್ಲ. ಅವನಿಂದ ಎರಡಡಿ ದೂರದಲ್ಲಿ ಒಬ್ಬರು ಜ್ಯೂಸ್ ಕುಡಿಯುತ್ತಾ ನಿಂತಿದ್ದರು. ಅವರ ತಪ್ಪಲ್ಲ, ನೋಡಿದರೂ ಆಡುತ್ತಿದ್ದಾನೆ ಅಂದುಕೊಳ್ಳಬೇಕು, ಹಾಗಿತ್ತು. ಅಣ್ಣ ಬಟ್ಟೆ ಸಮೇತ ಹಾರಿ ಎತ್ತಿದ.

ಮುಳುಗುವವರು "ಕಾಪಾಡಿ" ಅಂತ ಕೂಗುತ್ತಾರೆ ಅಂತಲೇ ನಾನು ತಿಳಿದಿದ್ದೆ. ಹಾಗಲ್ಲ. ಬಾಯಿ ನೀರಿನ ಮೇಲೆ ಬರುವುದೇ ಕ್ಷಣಕ್ಕೊಮ್ಮೆ. ಅಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕು, ಕೂಗುವುದಕ್ಕೆ ಉಸಿರು ಎಲ್ಲಿದೆ? ಗಲಾಟೆ ಮಾಡುತ್ತಿರುವ ಮಗು ಸಾಮಾನ್ಯವಾಗಿ ಆಡುತ್ತಿರುತ್ತದೆ. ಸುಮ್ಮನಾದ ಮಗುವನ್ನೇ ಮೊದಲು ನೋಡಬೇಕು.

ಮಗ ಕೆಮ್ಮಿದ, ಅತ್ತ, ಹತ್ತು ನಿಮಿಷಕ್ಕೆ ಐಸ್‌ಕ್ರೀಮ್ ಕೇಳಿದ. ಆದರೂ ಹಡಗಿನ ಡಾಕ್ಟರಿಗೆ ತೋರಿಸಿದೆವು. ಬಿಲ್ ಬೇರೆಯೇ ಬರುತ್ತದೆ, ಬರಲಿ. ಎದೆ ಪರೀಕ್ಷೆ ಮಾಡಿ, ಕೆಮ್ಮು ಜಾಸ್ತಿಯಾದರೆ, ಉಸಿರು ಜೋರಾದರೆ, ಮಂಕಾಗಿ ಬಿದ್ದುಕೊಂಡರೆ ಕೂಡಲೇ ಕರೆತನ್ನಿ ಅಂದರು. ಆ ರಾತ್ರಿ ನಾನು ಮಲಗಲಿಲ್ಲ.

ನನಗೆ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಕೊಳದ ಸುತ್ತ ಬಿಳಿ ಯೂನಿಫಾರ್ಮಿನ ಹುಡುಗರು ಓಡಾಡುತ್ತಿದ್ದರು. ಅವರೇ ಕಾವಲು ಅಂದುಕೊಂಡಿದ್ದೆ. ಗೋಕರ್ಣದಲ್ಲಿ ಮೊಣಕಾಲು ದಾಟಿ ನೀರಿಗೆ ಇಳಿದರೆ ಲೈಫ್‌ಗಾರ್ಡ್ ಸೀಟಿ ಊದುತ್ತಾರೆ, ಅದೇ ನಂಬಿಕೆ. ಈ ಹುಡುಗರು ಟವೆಲ್ ಕೊಡುವವರು, ಗ್ಲಾಸ್ ಎತ್ತುವವರು. 'ಲೈಫ್‌ಗಾರ್ಡ್ ಇಲ್ಲ, ಮಕ್ಕಳು ಪೋಷಕರ ಜವಾಬ್ದಾರಿ' ಅಂತ ಕಂಬದ ಹಿಂದೆ ಇಂಗ್ಲಿಷಿನಲ್ಲಿ ಬೋರ್ಡು ಇತ್ತು. ನಾನು ನೋಡಿದ್ದು ಮೂರನೇ ದಿನ. ಹೊರದೇಶದ ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿಯೇ ತನ್ನೆಲ್ಲ ಹಡಗುಗಳ ಕೊಳಕ್ಕೆ ಲೈಫ್‌ಗಾರ್ಡ್ ಇಡುತ್ತೇವೆ ಅಂದಿದ್ದು 2017ರಲ್ಲಿ. ಈಗಲೂ ಎಲ್ಲ ಹಡಗಿನಲ್ಲಿ ಇರುವುದಿಲ್ಲ. ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಲೈಫ್‌ಗಾರ್ಡ್ ಇದ್ದಾರಾ, ಮಕ್ಕಳ ಕೊಳದ ಆಳ ಎಷ್ಟು.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ಕು ಶಾಲಾ ಹುಡುಗಿಯರು ಸಮುದ್ರದ ಪಾಲಾದರು. ಆಮೇಲೆ ನಮ್ಮ ಮನೆಯಲ್ಲಿ ಸಮುದ್ರ ಅಂದರೆ ಯಾರೂ ಮಕ್ಕಳ ಕೈ ಬಿಡುವುದಿಲ್ಲ. ಕೊಳ ಅಂದ ಕೂಡಲೇ ಕೈ ಸಡಿಲ. ಟೈಲ್ಸ್ ಹಾಕಿದ ನೀಲಿ ನೀರು ನೋಡಿದರೆ ಹೆದರಿಕೆಯೇ ಆಗುವುದಿಲ್ಲ ನೋಡಿ.

ಮರುದಿನದಿಂದ ಅಣ್ಣ ಒಂದು ಕ್ರಮ ಮಾಡಿದ. ನಮ್ಮ ತೋಟದಲ್ಲಿ ಮಂಗ ಕಾಯುವುದಕ್ಕೆ ಪಾಳಿ ಇದೆ. ಎಲ್ಲರೂ ಮನೆಯಲ್ಲೇ ಇದ್ದೇವಲ್ಲ ಅಂತ ಪಾಳಿ ಬಿಟ್ಟ ದಿನವೇ ಮಂಗ ಬಾಳೆಗೊನೆ ಒಯ್ಯುವುದು. ಹಾಗೇ ಇಲ್ಲೂ ಪಾಳಿ. ಅವನ ಕೆಂಪು ಟವೆಲ್ ಯಾರ ಹೆಗಲ ಮೇಲಿದೆಯೋ ಅವರು ನೀರು ಬಿಟ್ಟು ಬೇರೇನೂ ನೋಡುವಂತಿಲ್ಲ. ಫೋನ್ ಇಲ್ಲ, ಹರಟೆ ಇಲ್ಲ, ಬಿಯರ್ ಅಂತೂ ಇಲ್ಲವೇ ಇಲ್ಲ. ಹದಿನೈದು ನಿಮಿಷಕ್ಕೆ ಟವೆಲ್ ಇನ್ನೊಬ್ಬರಿಗೆ. ಕೊಡುವಾಗ "ಈಗ ನೀನು" ಅಂತ ಬಾಯಿಬಿಟ್ಟು ಹೇಳಬೇಕು, ಅವರು "ಹ್ಞಾಂ, ನಾನು" ಅನ್ನಬೇಕು. ಈಜು ಬಾರದ ಮಗ ನೀರಿನಲ್ಲಿದ್ದರೆ ಒಬ್ಬರು ನೀರಿನೊಳಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಮ್ಮನೆಯವರು ಮೊದಲು ನಕ್ಕರು. ಎರಡನೇ ದಿನ ಅವರೇ ಗಡಿಯಾರ ನೋಡಿ ಟವೆಲ್ ಕೇಳಿದರು.

ಸಾಮಾನಿನ ಬಗ್ಗೆ. ತೋಳಿಗೆ ಹಾಕುವ ಗಾಳಿಯ ಬ್ಯಾಂಡ್ ನಂಬಬೇಡಿ. ಸನ್‌ಸ್ಕ್ರೀನ್ ಹಚ್ಚಿದ ಕೈಯಿಂದ ಅದು ಜಾರಿದ್ದನ್ನು ನಾನೇ ನೋಡಿದೆ. ಮಗುವಿನ ತೂಕಕ್ಕೆ ಸರಿಹೊಂದುವ, ಕಾಲಿನ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ ಮನೆಯಿಂದಲೇ ಒಯ್ಯಿರಿ. ಅದನ್ನು ಹಾಕಿದರೂ ಕಾವಲು ಬಿಡುವ ಹಾಗಿಲ್ಲ. ಈಜುಡುಪು ನೀಲಿ ಬೇಡ. ನಾವು ಕಾರ್ಟೂನ್ ಚಿತ್ರ ಇದೆ ಅಂತ ನೀಲಿಯದೇ ತಂದಿದ್ದೆವು, ನೀರಿನೊಳಗೆ ಮಗ ಕಾಣುತ್ತಲೇ ಇರಲಿಲ್ಲ. ಕಿತ್ತಳೆ ಅಥವಾ ಕಣ್ಣಿಗೆ ಹೊಡೆಯುವ ಗುಲಾಬಿ ತನ್ನಿ. ಹೆಣ್ಣುಮಕ್ಕಳ ಜಡೆ ಬಿಗಿದು ಕಟ್ಟಿ. ನೀರು ಎಳೆಯುವ ತೂತಿನ ಜಾಲರಿಗೆ ಕೂದಲು ಸಿಕ್ಕಿದರೆ ಎಳೆದುಕೊಳ್ಳುತ್ತದೆ. ಡೈಪರ್ ಹಾಕುವ ಮಗುವಾದರೆ ಹೆಚ್ಚಿನ ಹಡಗುಗಳಲ್ಲಿ ಕೊಳಕ್ಕೇ ಬಿಡುವುದಿಲ್ಲ, ಈಜುವ ಡೈಪರ್ ಹಾಕಿದ್ದರೂ ಇಲ್ಲ. ಇದನ್ನು ಕೇಳದೆ ಬಂದ ಒಂದು ಕುಟುಂಬ ಮೂರೂ ದಿನ ಮುಖ ಊದಿಸಿಕೊಂಡು ಕೂತಿತ್ತು. ಬಿಸಿನೀರಿನ ಗುಳ್ಳೆ ತೊಟ್ಟಿಗೆ ಸಣ್ಣವರನ್ನು ಇಳಿಸಲೇಬೇಡಿ. ಅವರ ಮೈ ಬೇಗ ಕಾಯುತ್ತದೆ.

ಹಡಗು ಗೋವಾದಲ್ಲಿ ನಿಂತಾಗ ಎಲ್ಲರೂ ಇಳಿದು ಹೋದರು. ಗೋವಾ ನಮಗೇನು ಹೊಸದಾ, ಕಾರವಾರ ದಾಟಿದರೆ ಗೋವಾನೇ. ನಾವು ಹಡಗಿನಲ್ಲೇ ಉಳಿದೆವು. ಕೊಳದಲ್ಲಿ ಐದಾರು ಜನ, ನೀರು ಅಲುಗಾಡುತ್ತಿರಲಿಲ್ಲ. ಇಡೀ ಪ್ರವಾಸದಲ್ಲಿ ನಾನು ನೆಮ್ಮದಿಯಾಗಿದ್ದ ಹೊತ್ತು ಅದೊಂದೇ. ಮಕ್ಕಳಿದ್ದವರು ಇದನ್ನೇ ಮಾಡಿ.

ಇನ್ನೊಂದು ಮಾತು. ಊರಿಗೆ ಬಂದು ಹೇಳಿದಾಗ ಪಕ್ಕದ ಮನೆಯ ಅಜ್ಜ "ತಲೆಕೆಳಗೆ ಹಿಡಿದು ಹೊಟ್ಟೆ ಒತ್ತಬೇಕಿತ್ತು" ಅಂದರು. ಹಾಗೆ ಮಾಡಬಾರದು. ವಾಂತಿ ಉಸಿರಿನ ಕೊಳವೆಗೆ ಹೋಗುತ್ತದೆ, ಸಮಯವೂ ಹಾಳು. ಉಸಿರು ನಿಂತಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಮೊದಲು ಐದು ಸಲ ಬಾಯಿಯಿಂದ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ ಎರಡು ಉಸಿರು, ಮತ್ತೆ 30, ಎರಡು. ಊರಿನಲ್ಲಾದರೆ ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಓದಿದರೆ ಬರುವುದಿಲ್ಲ, ಗೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯಬೇಕು. ಅಣ್ಣ ಮತ್ತು ನಾನು ಈಗ ಕಲಿತಿದ್ದೇವೆ.

ವಾಪಸ್ ಬರುವಾಗ ರೈಲು ಕುಮಟಾ ಮುಟ್ಟಿದ್ದು ಅಪರಾತ್ರಿ. ಸ್ಟೇಷನ್ನಿನಲ್ಲೇ ಕೂತು ಬೆಳಗು ಮಾಡಿದೆವು. ಬಸ್ ಸ್ಟ್ಯಾಂಡ್ ಹತ್ತಿರ ಹಂಚಿನ ಮಾಡಿನ ಒಂದು ಸಣ್ಣ ಹೋಟೆಲ್ ಇದೆ, ಬೋರ್ಡಿಲ್ಲ, ಎದುರಿಗೆ ನೀರಿನ ಡ್ರಮ್ ಇಟ್ಟಿರುತ್ತಾರೆ. ಆರು ಗಂಟೆಗೆ ಮೊದಲ ಬಾಣಲೆ ಬನ್ಸ್ ಇಳಿಯುತ್ತದೆ. ಬಾಳೆಹಣ್ಣು ಸರಿಯಾಗಿ ಕಳಿತದ್ದು ಅಂತ ವಾಸನೆಯಲ್ಲೇ ಗೊತ್ತಾಗುತ್ತದೆ, ಮೇಲೆ ಕಂದು ಬಣ್ಣ, ಮುರಿದರೆ ಒಳಗೆ ಜಾಲಿಜಾಲಿ. ಜೊತೆಗೆ ವಟಾಣಿಯ ಭಾಜಿ, ತೆಳ್ಳಗೆ, ಮೇಲೆ ಕೊಬ್ಬರಿ ಎಣ್ಣೆಯ ಘಮ. ಕಷಾಯ ಕೇಳಿದರೆ "ಹಾಲು ಈಗಷ್ಟೇ ಬಂದಿದೆ, ಕೂತ್ಕಳಿ" ಅಂದು ನಿಧಾನಕ್ಕೆ ಕುದಿಸಿ ಕೊಟ್ಟರು. ಹಡಗಿನ ಐದು ಹೊತ್ತಿನ ಬಫೆಯಲ್ಲಿ ಏನೂ ತಿನ್ನದ ಮಗ ಇಲ್ಲಿ ಎರಡೂವರೆ ಬನ್ಸ್ ತಿಂದ. ಆರು ಜನರಿಗೆ ಒಟ್ಟು 310 ರೂಪಾಯಿ. ಹತ್ತು ಬನ್ಸ್ ಮನೆಗೂ ಕಟ್ಟಿಸಿಕೊಂಡೆವು. ಎಂಟರ ಮೇಲೆ ಹೋದರೆ ಸಿಗುವುದಿಲ್ಲ. ಮಗನ ಕೈಯಲ್ಲಿ ಅರ್ಧ ಬನ್ಸ್ ಇರುವಾಗಲೇ ಶಿರಸಿ ಬಸ್ಸು ಬಂತು, ಈ ಸಲ ಮುಂದಿನ ಸೀಟೇ ಸಿಕ್ಕಿತು.