ಎರಡು ಎಸಳು ಬೆಳ್ಳುಳ್ಳಿ, ಒಂದು ಬೋಗುಣಿ ಮಂಡಕ್ಕಿ

ಕೆಂಚ ಈಗ ಚೆನ್ನಾಗಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿ ಕಥೆ ಓದುವಾಗ ಕೊನೆಗೆ ಏನಾಯ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಓದುವವಳು ನಾನು, ನಿಮಗೆ ಆ ಕಾಟ ಬೇಡ.

ಅವನು ಜಾತಿ ನಾಯಿ ಅಲ್ಲ. ನಿಟುವಳ್ಳಿಯ ನಮ್ಮ ಬೀದಿಯಲ್ಲೇ ಹುಟ್ಟಿದವನು. ಒಂದು ಮಳೆಗಾಲದ ಸಂಜೆ ಗೇಟಿನ ಒಳಗೆ ನುಗ್ಗಿದ, ಅವ್ವ ಹಾಲು ಅನ್ನ ಹಾಕಿದಳು, ಅಲ್ಲಿಗೆ ಮುಗೀತು. ಈಗ ಐದು ವರ್ಷ, 16 ಕೆಜಿ ತೂಕ, ಕೆಂಪು ಮೈ, ಒಂದು ಕಿವಿ ಮಾತ್ರ ಯಾವಾಗಲೂ ಮಡಚಿಕೊಂಡೇ ಇರುತ್ತೆ.

ಹೋದ ಬೇಸಿಗೆಯಲ್ಲಿ ಅವನಿಗೆ ಉಣ್ಣೆ ಹತ್ತಿದವು. ದಾವಣಗೆರೆಯಲ್ಲಿ ಬಿಸಿಲು ಏರಿದ ಹಾಗೆ ಉಣ್ಣೆಯೂ ಏರುತ್ತೆ, ನಾಯಿ ಸಾಕಿದವರಿಗೆಲ್ಲ ಗೊತ್ತು. ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿ ಕೆಳಗೆ. ದಿನಾ ಸಂಜೆ ಚಿಮಟ ಹಿಡಿದು ಕಿತ್ತು ಸೋಪಿನ ನೀರಿಗೆ ಹಾಕುತ್ತಿದ್ದೆ, ಮರುದಿನ ನೋಡಿದರೆ ಮತ್ತೆ ಅಷ್ಟೇ. ಡಾಕ್ಟ್ರ ಹತ್ತಿರ ಹೋದರೆ ಮಾತ್ರೆ ಕೊಡ್ತಾರೆ, ಮಾತ್ರೆ ಅಂದ್ರೆ ಕೆಮಿಕಲ್ಲು, ಯಾಕೆ ಸುಮ್ನೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೇ ಹೊತ್ತಿಗೆ ಮೊಬೈಲಲ್ಲಿ ಒಂದು ವಿಡಿಯೋ ಬಂತು. ಯಾರೋ ಒಬ್ಬರು ಬಿಳಿ ನಾಯಿಯನ್ನು ತೊಡೆ ಮೇಲೆ ಕೂರಿಸಿಕೊಂಡು, ದಿನಾ ಎರಡು ಎಸಳು ಬೆಳ್ಳುಳ್ಳಿ ಅನ್ನದಲ್ಲಿ ಹಿಸುಕಿ ಹಾಕಿ, ಉಣ್ಣೆ ಹತ್ತಿರಾನೂ ಬರಲ್ಲ, ನೂರಕ್ಕೆ ನೂರು ನ್ಯಾಚುರಲ್ ಅಂದರು. ನನಗೆ ಬೇಕಾಗಿದ್ದೂ ಅದೇ ಮಾತು. ಮೂರು ವಾರ ತಪ್ಪದೆ ಹಾಕಿದೆ. ಉಣ್ಣೆ ಮಾತ್ರ ಹಾಗೇ ಇದ್ದವು. ಬೆಳ್ಳುಳ್ಳಿ ವಾಸನೆಯ ನಾಯಿಯ ರಕ್ತವೂ ಅವಕ್ಕೆ ರುಚಿಯೇ.

ಅಷ್ಟರಲ್ಲಿ ಒಂದು ಭಾನುವಾರ ಹರಿಹರದಿಂದ ಚಿಕ್ಕಮ್ಮನ ಮನೆಯವರು ಬಂದರು. ನಮ್ಮೂರಲ್ಲಿ ನೆಂಟರು ಬಂದರೆ ಮಂಡಕ್ಕಿ ಮಿರ್ಚಿ ಆಗಲೇಬೇಕಲ್ವಾ. ಅವ್ವ ದೊಡ್ಡ ಬೋಗುಣಿಯಲ್ಲಿ ಒಗ್ಗರಣೆ ಮಂಡಕ್ಕಿ ಕಲಸಿದಳು, ಈರುಳ್ಳಿಗೆ ಕೈ ಹಿಡಿಯಲಿಲ್ಲ. ಊಟ, ಹರಟೆ, ನೆಂಟರನ್ನು ಬಸ್ಸಿಗೆ ಹತ್ತಿಸಿದ್ದು ಎಲ್ಲ ಆಯ್ತು. ಬೋಗುಣಿ ಹಿತ್ತಲ ಕಟ್ಟೆ ಕೆಳಗೆ ನೆಲದ ಮೇಲೇ ಉಳಿದಿತ್ತು. ಬೆಳಿಗ್ಗೆ ನೋಡಿದರೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ನಾವು ನಕ್ಕೆವು.

ಮಂಗಳವಾರ ಅವನು ಸ್ವಲ್ಪ ಮಂಕಾದ. ಬುಧವಾರ ಅನ್ನ ಮುಟ್ಟಲಿಲ್ಲ. ಬಿಸಿಲು 40ರ ಹತ್ತಿರ ಇತ್ತು, ಹಾಗಾಗಿ ಬೀದಿಯವರೆಲ್ಲ ಬಿಸಿಲನ್ನೇ ಬೈದರು. ಎದುರು ಮನೆ ಅಜ್ಜಿ ಬಂದು ನೋಡಿ, "ಉಷ್ಣ ಆಗೈತಿ ಬಿಡವ್ವ, ಮಜ್ಜಿಗೆ ಹಾಕು" ಅಂದರು. ಮಜ್ಜಿಗೆ ಹಾಕಿದೆ. ಸಬ್ಬಕ್ಕಿ ಗಂಜಿ ಮಾಡಿದೆ. ಜೀರಿಗೆ ಕಷಾಯ ಮಾಡಿ ಬಾಯಿ ಬಿಡಿಸಿ ಕುಡಿಸಿದೆ. ಹೀಗೆ ಒಂದು ಪೂರ್ತಿ ದಿನ ಹೋಯಿತು. ಅದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ, ಅವರಿಗೆ ಗೊತ್ತಿದ್ದನ್ನು ಅವರು ಹೇಳಿದರು.

ಗುರುವಾರ ರಾತ್ರಿ ಹತ್ತೂವರೆಗೆ ಅಂಗಳದಲ್ಲಿ ಉಚ್ಚೆ ಹೊಯ್ದ. ಟ್ಯೂಬ್‌ಲೈಟ್ ಬೆಳಕಲ್ಲಿ ಅದರ ಬಣ್ಣ ನೋಡಿದೆ. ಡಿಕಾಕ್ಷನ್ ಬಣ್ಣ. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ, ಬಿಳಿ ಹಾಳೆ ಹಾಗೆ. ಎರಡು ಹೆಜ್ಜೆ ನಡೆದು ಏದುಸಿರು ಬಿಡುತ್ತಿದ್ದ.

ಆ ರಾತ್ರಿಯ ಓಡಾಟ ಜಾಸ್ತಿ ಬರೆಯೋದಿಲ್ಲ. ನಾಯಿ ಅಂದ ತಕ್ಷಣ ಇಬ್ಬರು ಆಟೋದವರು ಬರಲ್ಲ ಅಂದರು, ಮೂರನೆಯವರು "ನಮ್ಮನ್ಯಾಗೂ ಎರಡು ಅದಾವ್ ಬರ್ರಿ ಅಕ್ಕ" ಅಂತ ತಾವೇ ಬೆಡ್‌ಶೀಟಿನ ಒಂದು ಕಡೆ ಹಿಡಿದು ಎತ್ತಿದರು. ಒಬ್ಬ ಡಾಕ್ಟ್ರು ಫೋನ್ ಎತ್ತಿದರು. ಅಷ್ಟು ಸಾಕಾಯಿತು.

ಡಾಕ್ಟ್ರು ಮೊದಲು ಕೇಳಿದ್ದು ಜ್ವರದ ಬಗ್ಗೆ ಅಲ್ಲ. "ಈರುಳ್ಳಿ ಏನರ ತಿಂದೈತೇನ್ರೀ?"

ನಾನು ಬೋಗುಣಿ ಕಥೆ ಹೇಳಿದೆ. ಆಮೇಲೆ, ತುಂಬ ಸಣ್ಣ ದನಿಯಲ್ಲಿ, ಬೆಳ್ಳುಳ್ಳಿ ಕಥೆಯನ್ನೂ ಹೇಳಿದೆ.

ಅವರು ಬೈಯಲಿಲ್ಲ. ರಕ್ತ ತೆಗೆಯುತ್ತಾ ವಿವರಿಸಿದರು. ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ಗಂಧಕದ ಅಂಶಗಳಿವೆ. ನಮಗೆ ಅವು ಏನೂ ಮಾಡಲ್ಲ. ನಾಯಿ, ಬೆಕ್ಕಿನ ಹೊಟ್ಟೆಗೆ ಹೋದರೆ ಅವು ಕೆಂಪು ರಕ್ತಕಣಕ್ಕೆ ಹಾನಿ ಮಾಡುತ್ತವೆ, ಕಣ ಒಡೆಯುತ್ತೆ, ಒಡೆದದ್ದರ ಬಣ್ಣವೇ ಉಚ್ಚೆಯಲ್ಲಿ ಬರೋದು. ಮೋಸ ಏನಂದ್ರೆ ಇದು ತಿಂದ ದಿನ ಗೊತ್ತಾಗಲ್ಲ. ಎರಡು ದಿನ, ಮೂರು ದಿನ, ಕೆಲವು ಸಲ ಐದು ದಿನ ಬಿಟ್ಟು ತೋರಿಸುತ್ತೆ. ಅಷ್ಟರಲ್ಲಿ ನಮಗೆ ಭಾನುವಾರದ ಮಂಡಕ್ಕಿ ಎಲ್ಲಿ ನೆನಪಿರುತ್ತೆ? ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗಲ್ಲ. ನಾಯಿಯ ತೂಕದ ನೂರರಲ್ಲಿ ಅರ್ಧ ಭಾಗದಷ್ಟು ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೂ ತೊಂದರೆ ಶುರುವಾಗಬಹುದು. ಕೆಂಚನ 16 ಕೆಜಿಗೆ ಲೆಕ್ಕ ಹಾಕಿದರೆ 80 ಗ್ರಾಂ, ಅಂದರೆ ಒಂದು ಈರುಳ್ಳಿ. ಬೆಳ್ಳುಳ್ಳಿ ಅದಕ್ಕಿಂತ ಮೂರರಿಂದ ಐದು ಪಟ್ಟು ಜೋರು. ಬೆಕ್ಕಿಗಂತೂ ಇನ್ನೂ ಕಡಿಮೆ ಸಾಕು.

ಪಕ್ಕದ ಚಿತ್ರದುರ್ಗ ಜಿಲ್ಲೆ ಈರುಳ್ಳಿ ಬೆಳೆಯುವ ಸೀಮೆ, ನಮ್ಮ ಎಲ್ಲ ತಿಂಡಿಯ ಮೇಲೂ ಈರುಳ್ಳಿ ಉದುರಿಸುವ ಜನ ನಾವು. ಅಂಥ ಊರಲ್ಲಿದ್ದು ಇಷ್ಟು ವರ್ಷ ನಾಯಿ ಸಾಕಿ ನನಗೆ ಇದು ಗೊತ್ತಿರಲಿಲ್ಲ.

ಉಣ್ಣೆ ಜ್ವರವೂ ಇರಬಹುದು ಅಂತ ಅವರಿಗೆ ಅನುಮಾನ ಇತ್ತು, ಅದರಲ್ಲೂ ರಕ್ತ ಕಡಿಮೆಯಾಗುತ್ತೆ, ಮೂಗಲ್ಲಿ ರಕ್ತ ಬರಬಹುದು, ಹೊಟ್ಟೆ ಮೇಲೆ ಕೆಂಪು ಚುಕ್ಕೆ ಏಳಬಹುದು. ಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಒಡೆದ ರಕ್ತಕಣ ಮಾತ್ರ ಕಂಡವು. ಪಿಸಿವಿ, ಅಂದರೆ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಕೆಂಪು ಕಣ ಇದೆ ಅನ್ನೋ ಲೆಕ್ಕ, 21 ಬಂತು. ಒಳ್ಳೆ ಆರೋಗ್ಯದ ನಾಯಿಗೆ 37ರಿಂದ 55ರವರೆಗೆ ಇರಬೇಕಂತೆ. ಇದಕ್ಕೆ ಅಂತ ಬೇರೆ ಪ್ರತಿವಿಷ ಇಲ್ಲ. ಡ್ರಿಪ್ ಹಾಕಿ, ಆಯಾಸ ಆಗದ ಹಾಗೆ ಮಲಗಿಸಿ, ಮೈ ತಾನೇ ಹೊಸ ರಕ್ತ ಮಾಡಿಕೊಳ್ಳುವವರೆಗೆ ಕಾಯೋದು. ಇನ್ನೂ ಇಳಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗಿ ರಕ್ತ ಹಾಕಿಸಬೇಕು, ಲಸಿಕೆ ಎಲ್ಲ ಆಗಿರುವ 25 ಕೆಜಿ ಮೇಲಿನ ಗಟ್ಟಿ ನಾಯಿ ಒಂದನ್ನು ನೋಡಿಟ್ಟುಕೊಳ್ಳಿ ಅಂದರು. ನಾಯಿಗೆ ನಾಯಿ ರಕ್ತ ಕೊಡಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹಿಂದಿನ ಬೀದಿಯ ಲ್ಯಾಬ್ರಡಾರ್ ಮನೆಯವರನ್ನು ಕೇಳಿದೆ. ವರ್ಷಾನುಗಟ್ಟಲೆ ಮಾತಾಡಿಸದವರು, "ಎಷ್ಟೊತ್ತಿಗೆ ಬೇಕಾದ್ರೂ ಫೋನ್ ಮಾಡ್ರಿ" ಅಂದರು. ಅದರ ಅಗತ್ಯ ಬೀಳಲಿಲ್ಲ. ನಾಲ್ಕನೇ ದಿನ ಪಿಸಿವಿ ಏರೋಕೆ ಶುರುವಾಯಿತು.

ಆಮೇಲೆ ಉಣ್ಣೆಗೆ ಡಾಕ್ಟ್ರು ತೂಕ ನೋಡಿ ಮಾತ್ರೆಯನ್ನೇ ಕೊಟ್ಟರು. ಕೊಡುವ ಮೊದಲು ಅವನಿಗೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ ಅಂತ ಕೇಳಿದರು, ಬಂದಿರುವ ನಾಯಿಗೆ ಆ ಜಾತಿಯ ಮಾತ್ರೆಯನ್ನು ಯೋಚಿಸಿ ಕೊಡಬೇಕಂತೆ. ಎರಡು ದಿನದಲ್ಲಿ ಉಣ್ಣೆ ಉದುರಿದವು. ಆದರೆ ಅರ್ಧ ಯುದ್ಧ ಗೋಡೆಯಲ್ಲಿದೆ. ನಾಯಿ ಉಣ್ಣೆ ಮೊಟ್ಟೆ ಇಡೋದು ನಾಯಿ ಮೇಲೆ ಅಲ್ಲ, ಕೆಳಗಿಳಿದು ಗೋಡೆ ಬಿರುಕಲ್ಲಿ, ಕಟ್ಟೆ ಸಂದಿಯಲ್ಲಿ ಸಾವಿರಗಟ್ಟಲೆ ಇಡುತ್ತೆ. ನಾವು ಕೆಂಚ ಮಲಗುವ ಮೂಲೆಯ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿಸಿದೆವು, ಅವನ ಗೋಣಿಚೀಲ ಸುಟ್ಟು, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯೋಕೆ ಬರುವ ಹಳೇ ಬೆಡ್‌ಶೀಟ್ ಹಾಸಿದೆವು. ಕಡ್ಡಿ ಗೀರಿ ಉಣ್ಣೆ ಸುಡೋದು, ಸೀಮೆಎಣ್ಣೆ ಹಚ್ಚೋದು ದಯವಿಟ್ಟು ಮಾಡಬೇಡಿ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನಿಧಾನಕ್ಕೆ ನೇರ ಎಳೆದರೆ ಸಾಕು.

ಮನೆಮದ್ದೇ ಬೇಡ ಅಂತ ನಾನು ಹೇಳ್ತಿಲ್ಲ. ಕೆಂಚನಿಗೆ ಹೊಟ್ಟೆ ಸ್ವಲ್ಪ ಕೆಟ್ಟರೆ ಈಗಲೂ ಒಂದು ಹೊತ್ತು ಮೆತ್ತಗಿನ ಅನ್ನ ಮೊಸರೇ, ಮಲ ಗಟ್ಟಿಯಾದರೆ ಬೇಯಿಸಿದ ಸಿಹಿಗುಂಬಳವೇ. ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಅದಕ್ಕಿಂತ ದೊಡ್ಡ ಔಷಧಿ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಆಚೆ ಕರ್ಕೊಂಡು ಹೋಗಲ್ಲ, ರಸ್ತೆ ಮೇಲೆ ಅಂಗೈ ಹಿಂಭಾಗ ಐದು ಸೆಕೆಂಡ್ ಇಡೋಕೆ ಆಗದಿದ್ದರೆ ಅವನ ಪಾದಕ್ಕೂ ಆಗಲ್ಲ. ಹೋಲಿಸ್ಟಿಕ್ ಅಂತ ಈಗ ಎಲ್ಲರ ಬಾಯಲ್ಲೂ ಬರುವ ಮಾತಿಗೆ ನನ್ನ ಲೆಕ್ಕದಲ್ಲಿ ಅರ್ಥ ದಿನಾ ಸಂಜೆ ಹತ್ತು ನಿಮಿಷ. ಮೈ ಬಾಚೋದು, ಕಿವಿ ನೋಡೋದು, ತುಟಿ ಎತ್ತೋದು. ಒಸಡು ತಿಳಿ ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬೆಳ್ಳಗಾಗಿದ್ದು ಎರಡು ಸೆಕೆಂಡಲ್ಲಿ ಮತ್ತೆ ಗುಲಾಬಿ ಆಗಬೇಕು. ಬೆಳ್ಳಗೆ, ನೀಲಿ, ಹಳದಿ, ಇಟ್ಟಿಗೆ ಕೆಂಪು, ಈ ಯಾವುದಾದರೂ ಆದರೆ ಕಷಾಯ ಕುದಿಸುತ್ತಾ ಕೂರಬೇಡಿ. ಒಸಡು ಕಪ್ಪಗಿರುವ ನಾಯಿಯಾದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ನಾನು ಮಂಗಳವಾರವೇ ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಇನ್ನು ತುರ್ತಿನಲ್ಲಿ ನಮ್ಮ ಜನ ಮಾಡುವ ಒಂದು ಕೆಲಸ ಇದೆ, ಏನೇ ತಿಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು. ಉಪ್ಪೇ ನಾಯಿಗೆ ವಿಷ ಆಗಬಹುದು. ಫಿನಾಯಿಲ್, ಆಸಿಡ್, ಸೀಮೆಎಣ್ಣೆ ಕುಡಿದಿದ್ದರಂತೂ ವಾಂತಿ ಮಾಡಿಸಿದರೆ ಗಂಟಲು, ಶ್ವಾಸಕೋಶ ಎರಡೂ ಸುಡುತ್ತೆ. ತಿಂದದ್ದರ ಚೀಟಿ, ಡಬ್ಬಿ, ಪೊಟ್ಟಣ ಏನಿದೆಯೋ ಅದನ್ನು ಜೇಬಿಗೆ ಹಾಕ್ಕೊಂಡು ಓಡಿ. ಇಲಿ ಪಾಷಾಣದ ಕೆಲವು ಬಿಲ್ಲೆಗಳಿಗೆ ವಿಟಮಿನ್ ಕೆ ಚುಚ್ಚುಮದ್ದು ಇದೆ, ಆದರೆ ಯಾವ ಪಾಷಾಣ ಅಂತ ಡಾಕ್ಟ್ರಿಗೆ ಗೊತ್ತಾಗಬೇಕಲ್ಲ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ಒಂದೇ ಮಾತ್ರೆ ಸಾಕು ಜೀವ ತೆಗೆಯೋಕೆ. ಬಿಸಿಲಿಗೆ ಬಿದ್ದ ನಾಯಿಗೆ ಐಸ್ ಬೇಡ, ನಲ್ಲಿ ನೀರು ಹೊಯ್ದು ಫ್ಯಾನ್ ಹಾಕಿ, ಆಮೇಲೆ ಹೊರಡಿ. ಹೊಲದ ಕಡೆ ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ, ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ.

ಫ್ರಿಜ್ ಮೇಲೆ ಈಗ ಒಂದು ಹಾಳೆ ಅಂಟಿಸಿದ್ದೇನೆ. ರಾತ್ರಿ ಫೋನ್ ಎತ್ತುವ ಡಾಕ್ಟ್ರ ನಂಬರು, ಪಶು ಇಲಾಖೆಯ 1962, ಆ ಆಟೋದವರ ನಂಬರು, ಕೆಂಚನ ತೂಕ, ರೇಬಿಸ್ ಚುಚ್ಚುಮದ್ದಿನ ತಾರೀಕು. ಪಕ್ಕದಲ್ಲಿ ಒಂದು ಚೀಲ, ಅದರಲ್ಲಿ ಥರ್ಮಾಮೀಟರ್, ಹತ್ತಿ ಬಟ್ಟೆ, ಬಾಯಿ ಕಟ್ಟೋಕೆ ಒಂದು ಉದ್ದದ ಪಟ್ಟಿ (ನೋವಾದಾಗ ಎಷ್ಟೇ ಸಾಧು ನಾಯಿಯೂ ಕಚ್ಚುತ್ತೆ, ವಾಂತಿ ಮಾಡ್ತಿದ್ದರೆ, ಏದುಸಿರು ಬಿಡ್ತಿದ್ದರೆ ಮಾತ್ರ ಕಟ್ಟಬಾರದು), ಎತ್ತೋಕೆ ಗಟ್ಟಿ ಬೆಡ್‌ಶೀಟ್. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ ಇರುತ್ತೆ, 101ರಿಂದ 102.5 ಫ್ಯಾರನ್‌ಹೀಟ್ ಸರಿ, ಅದನ್ನೂ ಬರೆದಿಟ್ಟಿದ್ದೇನೆ, ಇಲ್ಲದಿದ್ದರೆ ಅವ್ವ ದಿನಾ ಜ್ವರ ಅನ್ನುತ್ತಾಳೆ.

ಹಾಳೆಯ ಕೆಳಗೆ ಇದ್ದ ಜಾಗದಲ್ಲಿ ಅವ್ವ ತನ್ನ ಗುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಬೋಗುಣಿ ನೆಲದ ಮ್ಯಾಲೆ ಇಡಬಾರದು."