ಹಪ್ಪಳ ಒಣಗಿಸಲಾಗದ ಟೆರೇಸ್ ಮನೆ

ತಂಗಿ ಲಂಡನ್ನಿನಲ್ಲಿ ಟೆರೇಸ್ ಮನೆ ಬಾಡಿಗೆಗೆ ಹಿಡಿದಳು ಅಂದಾಗ ಆಯಿ ಕೇಳಿದ್ದು ಒಂದೇ: "ಹಪ್ಪಳ ಒಣಗಿಸಲೆ ಜಾಗ ಆತು, ಅಲ್ದಾ?" ಗೋಕರ್ಣದಲ್ಲಿ ಟೆರೇಸ್ ಅಂದರೆ ಮನೆ ಮೇಲಿನ ಸಿಮೆಂಟಿನ ಚಪ್ಪಟೆ ಜಾಗ. ಅಲ್ಲಿ ಹಾಗಲ್ಲ, ಪಕ್ಕದವರೊಂದಿಗೆ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಮನೆಗಳಿಗೆ ಆ ಹೆಸರು.

ಕಳೆದ ವರ್ಷ ನಾನೇ ಹೋಗಿ ಒಂದು ತಿಂಗಳು ಇದ್ದು ಬಂದೆ. ವಿಕ್ಟೋರಿಯಾ ರಾಣಿ ಕಾಲದ ಬೀದಿ. ಮನೆಯ ಅಗಲ 16 ಅಡಿ ಇದ್ದರೆ ಹೆಚ್ಚು, ಉದ್ದ ಮಾತ್ರ ಹಿಂದಕ್ಕೆ ಹೋಗುತ್ತಲೇ ಇರುತ್ತದೆ. ನಮ್ಮ ರಥಬೀದಿ ಮನೆಯ ಲೆಕ್ಕವೇ ಬಿಡಿ, ಪಕ್ಕದವರು ಕೆಮ್ಮಿದರೂ ಕೇಳುತ್ತದೆ. ಜಗಲಿ ಇಲ್ಲ ಅಷ್ಟೆ. ಅದರ ಬದಲು ಕಿಟಕಿಯೇ ಬೀದಿ ಕಡೆ ಉಬ್ಬಿಕೊಂಡಿದೆ. ಅಲ್ಲಿ 1851ರ ತನಕ ಕಿಟಕಿಗೂ ತೆರಿಗೆ ಇತ್ತು! ಗಾಜಿನ ಮೇಲಿನ ಸುಂಕ 1845ರಲ್ಲೇ ಹೋಗಿತ್ತು. ಎರಡೂ ಹೋದಮೇಲೆ ಕಿಟಕಿ ದೊಡ್ಡದಾಗದೆ ಇರುತ್ತದಾ?

ನನಗೆ ತಲೆಬಿಸಿ ಆದದ್ದು ಮಾಡಿನ ವಿಷಯ. ಬೀದಿಯಲ್ಲಿ ನಿಂತರೆ ಮಾಡೇ ಕಾಣುವುದಿಲ್ಲ. ಮುಂದಿನ ಗೋಡೆಯನ್ನು ಮೇಲಕ್ಕೆ ಎಬ್ಬಿಸಿ, ಇಡೀ ಸಾಲಿನ ತಲೆ ಒಂದೇ ಗೆರೆಗೆ ಬರುವ ಹಾಗೆ ಮಾಡಿ, ಹತ್ತಿಪ್ಪತ್ತು ಸಣ್ಣ ಮನೆಗಳನ್ನು ಸೇರಿಸಿ ಒಂದು ಅರಮನೆ ಅನ್ನಿಸಿಬಿಟ್ಟಿದ್ದಾರೆ. ಹಿತ್ತಿಲಿಗೆ ಹೋಗಿ ತಲೆ ಎತ್ತಿದರೆ ಗುಟ್ಟು ರಟ್ಟು: ಗರಗಸದ ಹಲ್ಲಿನ ಹಾಗೆ ಸಾಲು ಮಾಡು. ಅದೂ ಉಲ್ಟಾ! ನಮ್ಮ ಹಂಚಿನ ಮಾಡಿಗೆ ನಡುವೆ ಎತ್ತರ, ನೀರು ಎರಡೂ ಕಡೆ ಇಳಿಯುತ್ತದೆ. ಇಲ್ಲಿ ಎರಡು ಬದಿ ಎತ್ತರ, ನಡು ತಗ್ಗು. ಅಷ್ಟೂ ನೀರು ಮನೆಯ ನೆತ್ತಿಗೇ ಬಂದು, ಸೀಸದ ತಗಡು ಹಾಸಿದ ದಂಬೆಯಲ್ಲಿ ಹಿಂದಕ್ಕೆ ಹರಿಯಬೇಕು. ಒಂದು ಹಿಡಿ ಎಲೆ ಕಟ್ಟಿಕೊಂಡರೆ ಮುಗೀತು, ತಂಗಿಯ ಮಲಗುವ ಕೋಣೆಯಲ್ಲಿ ಬಕೆಟ್ಟು. ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಹಾಗಾಗಿ ನಡೆಯುತ್ತದೆ. ನಮ್ಮಲ್ಲಿ ಜುಲೈ ಒಂದೇ ತಿಂಗಳಿಗೆ ಅದಕ್ಕಿಂತ ಜಾಸ್ತಿ. ಈ ಮಾಡನ್ನು ಗೋಕರ್ಣದಲ್ಲಿ ಕಟ್ಟಿದವನನ್ನು ಮನೆಯವರು ಆಷಾಢ ಮುಗಿಯುವುದರೊಳಗೆ ಹುಡುಕಿಕೊಂಡು ಬಂದಿರುತ್ತಿದ್ದರು.

ಹೊದೆಸಿದ್ದು ಹಂಚಲ್ಲ, ವೇಲ್ಸ್‌ನಿಂದ ರೈಲಿನಲ್ಲಿ ಬಂದ ಸ್ಲೇಟು ಕಲ್ಲು. ನಾವು ಮಗ್ಗಿ ಬರೆಯುತ್ತಿದ್ದ ಪಾಟಿ ಇದೆಯಲ್ಲ, ಅದೇ ಜಾತಿ. ಬಿದ್ದ ತುಂಡೊಂದನ್ನು ಹೆಕ್ಕಿ ಉಗುರಿನಲ್ಲಿ ಗೀರಿದೆ, ಬಿಳಿ ಗೆರೆ ಮೂಡಿತು. ಸುಮ್ನೆ ಖುಷಿ.

ಚಿಮಣಿಯ ಮಣ್ಣಿನ ಕೊಳವೆಗಳನ್ನೂ ಎಣಿಸಿದೆ. ಒಂದು ಕೊಳವೆ ಅಂದರೆ ಒಳಗೆ ಒಂದು ಬೆಂಕಿಗೂಡು. ತಂಗಿ ಮನೆಗೆ ಆರು. ಈಗ ಒಂದೂ ಉರಿಯುವುದಿಲ್ಲ.

ಆಯಿಗೆ ಇದೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಹಂಗಾರೆ ಹಪ್ಪಳ?" ಅಂದಳು. ಉಬ್ಬಿದ ಕಿಟಕಿಯ ಒಳಗೆ ಬೆಳಿಗ್ಗೆ ಎರಡು ತಾಸು ಬಿಸಿಲು ಬರುತ್ತದೆ, ಎಂಟು ಹಪ್ಪಳ ಹಿಡಿಸುತ್ತದೆ ಅಂತ ತಂಗಿ ಹೇಳಿದ್ದಾಳೆ.